‘ಏನು ಉಂಡೆ?’ ಎಂದು ಕೇಳುತ್ತಿದ್ದವರು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ಒಬ್ಬ ಬಸ್ ಕಂಡಕ್ಟರ್. ಶಾಲೆ ಮುಗಿಸಿ ತುರುವೇಕೆರೆಯಲ್ಲಿ ಬಸ್ಸು ಹತ್ತಿದಾಗ ಟಿಕೆಟ್ ಹರಿದು ಕೊಡುತ್ತ, "ಟೀಚರಮ್ಮ, ನಮ್ಮ ನರ್ಸಮ್ಮ ಹೋಗ್ಬುಟ್ರು ಕಣ್ರೀ. ಮೂರು ದಿನ ಆಯ್ತಂತೆ. ಚಿಕ್ಕನಾಯಕನಹಳ್ಳೀಲೇ ಮಣ್ಣು ಮಾಡವ್ರೆ" ಎಂದ. ಮುಂದಿನ ಸೀಟಿನಲ್ಲಿದ್ದ ಮುದುಕಿಯೊಬ್ಬಳು ತಿರುಗಿ, "ಯಾವ ನರ್ಸಮ್ಮ? ಹೋದ್ ಮನೇಲೆಲ್ಲ ಕೈ ತೊಳ್ಕಂತಿದ್ಲಲ್ಲ, ಅವ್ಳಾ?" ಎಂದು ಕೇಳಿದಳು. "ಅವ್ರೇ" ಎಂದ ಕಂಡಕ್ಟರ್. "ಅಯ್ಯೋ ಶಿವನೇ" ಎಂದು ಮುದುಕಿ ಸೆರಗನ್ನು ಬಾಯಿಗೆ ಹಿಡಿದಳು. ಆಮೇಲೆ ಆ ಬಸ್ಸಿನಲ್ಲಿ ನಾಲ್ಕೈದು ಜನ ಹೆಂಗಸರು ತಮ್ಮ ತಮ್ಮ ಬಾಣಂತನದ ಮಾತು ತೆಗೆದರು. ನಾನು ನಮ್ಮೂರು ಬಂದರೂ ಇಳಿಯುವುದು ಮರೆತು, ಮುಂದಿನ ಊರಿನಲ್ಲಿ ಇಳಿದು ತೋಟದ ಸಾಲಿನಲ್ಲೇ ನಡೆದು ಮನೆಗೆ ಬಂದೆ.

ಅವರಿಗೊಂದು ಹೆಸರಿತ್ತು. ರಿಜಿಸ್ಟರಿನ ಕೊನೆಯಲ್ಲಿ ಅವರು ಸೊಟ್ಟಸೊಟ್ಟಗೆ ಮಾಡುತ್ತಿದ್ದ ಸಹಿಯಲ್ಲಿ ಅದನ್ನು ನಾನು ಓದಿದ್ದೇನೆ. ಆದರೆ ನಮ್ಮ ಸುತ್ತಿನ ಐದು ಹಳ್ಳಿಗಳಲ್ಲಿ ಯಾರೂ ಆ ಹೆಸರು ಹಿಡಿದು ಕರೆದವರಿಲ್ಲ. ಹಾಲು ಕುಡಿಯುವ ಮಕ್ಕಳಿಂದ ಹಿಡಿದು ಊರ ಪಟೇಲರವರೆಗೆ ಎಲ್ಲರಿಗೂ ಅವರು ನರ್ಸಮ್ಮನೇ.

ನಾನು ಹೈಸ್ಕೂಲಿನಲ್ಲಿದ್ದಾಗ ಅವರು ನಮ್ಮೂರಿನ ಆರೋಗ್ಯ ಉಪಕೇಂದ್ರಕ್ಕೆ ಬಂದರು. ಉಪಕೇಂದ್ರವೆಂದರೆ ಪಂಚಾಯ್ತಿ ಕಟ್ಟಡದ ಹಿಂದಿನ ಒಂದು ಕೋಣೆ, ಒಂದು ಕಬ್ಬಿಣದ ಮಂಚ, ಬಾಗಿಲು ಮುಚ್ಚಿಕೊಳ್ಳದ ಒಂದು ಬೀರು. ಅದಕ್ಕೆ ಅಂಟಿಕೊಂಡ ಇನ್ನೊಂದು ಕೋಣೆಯಲ್ಲಿ ಅವರ ವಾಸ. ಹಾಸನದ ಕಡೆಯವರು ಎಂದು ಕೇಳಿದ್ದೆ. ಗಂಡ ಇದ್ದನೋ ಬಿಟ್ಟಿದ್ದನೋ ಯಾರಿಗೂ ಸರಿಯಾಗಿ ತಿಳಿಯದು, ಕೇಳಿದವರಿಗೆ "ಅದಿರ್ಲಿ, ನಿನ್ ಸೊಸೆಗೆ ಎಷ್ಟು ತಿಂಗಳು?" ಎಂದು ತಿರುಗಿ ಕೇಳುತ್ತಿದ್ದರು. ದಪ್ಪ ಮೈ, ಎಡಗಾಲನ್ನು ಸ್ವಲ್ಪ ಎಳೆದು ಹಾಕುವ ನಡಿಗೆ, ಬಿಳಿ ಸೀರೆ, ಒಂದು ಕಪ್ಪು ಕೊಡೆ. ಆ ಕೊಡೆ ಬಿಸಿಲಿಗಲ್ಲ, ದನಗಳಿಗೆ. ಹೆರಿಗೆ ರಕ್ತಕ್ಕೆ ಅಂಜದ ಆ ಹೆಂಗಸು ಹಸು ಕಂಡರೆ ನಡುಗುತ್ತಿದ್ದರು. ಕೆರೆ ಏರಿಯ ಮೇಲೆ ದನ ಬರುತ್ತಿದ್ದರೆ ಏರಿಯಿಂದ ಅರ್ಧ ಇಳಿದು, ಕೊಡೆಯನ್ನು ಗುರಾಣಿಯಂತೆ ಬಿಚ್ಚಿಕೊಂಡು, ಕೊನೆಯ ಕರು ದಾಟುವವರೆಗೂ ಕದಲುತ್ತಿರಲಿಲ್ಲ. ದನ ಕಾಯುವವರು ಬೇಕೆಂದೇ ನಿಧಾನ ಮಾಡುತ್ತಿದ್ದರು.

ಅವರ ಚೀಲದಲ್ಲಿ ಒಂದು ನಶ್ಯದ ಡಬ್ಬಿ. ಅದರೊಳಗೆ ನಶ್ಯವಲ್ಲ, ಕೆಂಪು ಸೋಪಿನ ಒಂದು ಚೂರು. ಯಾವ ಮನೆಗೆ ಹೋದರೂ ಮೊದಲು ಬಚ್ಚಲಿಗೆ ಹೋಗಿ ಮೊಣಕೈವರೆಗೆ ತೊಳೆದುಕೊಳ್ಳಬೇಕು. ನಮ್ಮ ಕಡೆಯ ಕೆಲವರಿಗೆ ಇದು ಅವಮಾನವೆನಿಸುತ್ತಿತ್ತು. "ನಮ್ಮನೆ ಏನು ಅಷ್ಟು ಗಲೀಜಾ?" ಎಂದರೆ, "ನಿಮ್ಮನೆ ಚೊಕ್ಕಟ ಕಣವ್ವ, ನನ್ ಕೈ ಗಲೀಜು" ಎನ್ನುವರು.

ಇನ್ನೊಂದು ಅಭ್ಯಾಸ, ಎದುರಿಗೆ ಸಿಕ್ಕಿದ ಹೆಂಗಸರನ್ನೆಲ್ಲ "ಏನು ಉಂಡೆ?" ಎಂದು ಕೇಳುವುದು. ಚೆನ್ನಾಗಿದ್ದೀಯಾ ಎಂದು ಕೇಳುತ್ತಲೇ ಇರಲಿಲ್ಲ. "ಊಟ ಆಯ್ತು ನರ್ಸಮ್ಮ" ಎಂದರೆ ಬಿಡುತ್ತಿರಲಿಲ್ಲ. "ಆಗಿರೋದು ಗೊತ್ತು. ತಟ್ಟೇಲಿ ಏನೇನಿತ್ತು ಅದು ಹೇಳು." ಮುದ್ದೆ, ಸಾರು ಎಂದರೆ "ಸಾರಿನೊಳಗೆ ಕಾಳಿತ್ತಾ, ಬರೀ ನೀರಾ?" ಊರಿನ ಗಂಡಸರಿಗೆ ಇದು ತಮಾಷೆಯ ವಸ್ತು. "ಯಾರ ಮನೆ ಸಾರಿನಾಗೆ ಏನೈತೆ ಅಂತ ನರ್ಸಮ್ಮಂಗೆ ಗೊತ್ತು" ಎಂದು ಅರಳಿಕಟ್ಟೆಯಲ್ಲಿ ನಗುತ್ತಿದ್ದರು. ನಿಜವಾಗಿಯೂ ಅವರಿಗೆ ಗೊತ್ತಿತ್ತು. ಅದರಲ್ಲೂ ಬಾಣಂತಿಯರ ತಟ್ಟೆ.

ನಮ್ಮ ಕಡೆ ಹಡೆದವಳಿಗೆ ಆಗ ಕೊಡುತ್ತಿದ್ದದ್ದು ಹಳೆ ಅಕ್ಕಿಯ ಅನ್ನ, ಮೆಣಸು ಬೆಳ್ಳುಳ್ಳಿಯ ಸಾರು, ಒಂದಿಷ್ಟು ತುಪ್ಪ. ಬೇಳೆ ಇಲ್ಲ, ಕಾಳಿಲ್ಲ, ಸೊಪ್ಪಿಲ್ಲ, ಮಜ್ಜಿಗೆ ಇಲ್ಲ, ಹಸಿ ತೆಂಗಿನಕಾಯಿಯಂತೂ ಕೂಡದು. ನೀರು ದಿನಕ್ಕೆ ಎರಡು ಲೋಟ, ಅದೂ ಜೀರಿಗೆ ಹಾಕಿ ಕಾಯಿಸಿದ್ದು. ಮಿಕ್ಕದ್ದೆಲ್ಲ ನಂಜು. ಹಸಿ ಮೈಗೆ ನಂಜು ಸೇರಿದರೆ ಗಾಯ ಕೀವಾಗುತ್ತದೆ, ಬಾಣಂತಿ ಉಳಿಯುವುದಿಲ್ಲ. ಇದು ಯಾರೂ ಕೂತು ಕಲಿಸಿದ ಪಾಠವಲ್ಲ, ಮನೆಯೊಳಗಿನ ಗಾಳಿಯಂತೆ ಇದ್ದದ್ದು.

ನರ್ಸಮ್ಮ ಇದರ ಮೇಲೆ ಮುಗಿಬೀಳುತ್ತಿದ್ದರು. ಒಮ್ಮೆ ನಮ್ಮ ಪಕ್ಕದ ಮನೆಯ ಜಗಲಿಯಲ್ಲಿ ನಿಂತು ಕೂಗಿದ್ದು ಇನ್ನೂ ಕಿವಿಯಲ್ಲಿದೆ: "ಕರು ಹಾಕಿದ ಹಸಕ್ಕೆ ಹುರುಳಿ ಬೇಯ್ಸಿ ಇಡ್ತೀರ, ಬೆಲ್ಲ ಕೊಬ್ಬರಿ ಕುಟ್ಟಿ ತಿನ್ನಿಸ್ತೀರ. ಮಗು ಹಾಕಿದ ಸೊಸೆಗೆ ಮೆಣಸಿನ ನೀರು! ಮೈ ಹರಿದೈತೆ ಅವಳ್ದು. ಗೋಡೆ ಬಿದ್ದೈತೆ, ಕಟ್ಟೋನು ಬಂದು ನಿಂತವ್ನೆ, ಮಣ್ಣೇ ಕೊಡಲ್ಲ ಅಂದ್ರೆ ಅವ್ನು ಏನ್ ತಗಂಡು ಕಟ್ತಾನೆ?" ಆ ಮನೆಯ ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನರ್ಸಮ್ಮನ ನಾಲಿಗೆ ಹಾಗಿತ್ತು. ದಡ್ಡಿ, ಮೊದ್ದು ಎಂದು ಮುಖಕ್ಕೇ ಅನ್ನುವರು. ಅದರಿಂದ ಎಷ್ಟೋ ಮನೆಗಳ ಬಾಗಿಲು ಅವರಿಗೆ ಮುಚ್ಚಿತ್ತು. ತಾಲ್ಲೂಕಿನ ಮೀಟಿಂಗುಗಳಲ್ಲೂ ಬೈಸಿಕೊಳ್ಳುತ್ತಿದ್ದರು. ಮೇಲಿನವರಿಗೆ ಬೇಕಾದದ್ದು ಸಂತಾನಹರಣ ಆಪರೇಷನ್ನಿನ ಕೇಸು. ಇವರು ಬಾಣಂತಿ ಕೋಣೆಯಲ್ಲಿ ಕೂತು ಸಾರಿನ ವಿಚಾರಣೆ ಮಾಡುತ್ತಿದ್ದರು.

ನಾನು ಪಿಯುಸಿ ಮುಗಿಸಿದ ವರ್ಷ ನನ್ನ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನನಗಿಂತ ಮೂರು ವರ್ಷ ದೊಡ್ಡವಳು. ನಾವಿಬ್ಬರೇ ಮಕ್ಕಳು. ಎರಡು ದಿನ ನೋವು ತಿಂದ ಮೇಲೆ ಆಸ್ಪತ್ರೆಗೆ ಸೇರಿಸಿದೆವು. ಹೆಣ್ಣು ಮಗುವಾಯಿತು. ಮಗು ದೊಡ್ಡದಿತ್ತು, ಅಕ್ಕನಿಗೆ ಹೊಲಿಗೆ ಹಾಕಬೇಕಾಯಿತು. ರಕ್ತವೂ ಬಹಳ ಹೋಗಿತ್ತು. ಐದನೇ ದಿನ ಎತ್ತಿನ ಗಾಡಿಯಲ್ಲಿ ಮೆತ್ತಗೆ ಹುಲ್ಲು ಹಾಸಿ ಮನೆಗೆ ಕರೆತಂದೆವು.

ಅವಳನ್ನು ಮಲಗಿಸಿದ್ದು ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ. ಮೇಲೆ ಸಾವಿರಾರು ಕಾಯಿ ಒಣಗುತ್ತ ಬಿದ್ದಿದ್ದವು, ಕೆಳಗೆ ಅವಳು. ಕಿಟಕಿಗೆ ಗೋಣಿ, ಮಂಚದ ಕೆಳಗೆ ಕೆಂಡ, ಕಿವಿಗೆ ಹತ್ತಿ. ಬಾಣಂತನದ ಯಜಮಾನಿಕೆ ನಮ್ಮ ಅಜ್ಜಿಯದು, ಎಂದರೆ ಅಪ್ಪನ ತಾಯಿಯದು. ಅಜ್ಜಿ ಕೆಟ್ಟವಳಲ್ಲ. ಅಕ್ಕನನ್ನು ಎತ್ತಿ ಆಡಿಸಿ ಬೆಳೆಸಿದವಳೇ ಅವಳು. ಅಜ್ಜಿಯ ಒಬ್ಬಳೇ ಮಗಳು ಬಾಣಂತಿಯಾಗಿದ್ದಾಗ ಯಾರೂ ಇಲ್ಲದ ಹೊತ್ತು ಅವರೆಕಾಳಿನ ಸಾರು ಉಂಡಳಂತೆ. ಮೂರನೇ ದಿನಕ್ಕೆ ಜ್ವರ ಏರಿ ಹೋಗಿಬಿಟ್ಟಳಂತೆ. "ನನ್ ಕೈಯಾರೆ ಮಣ್ಣು ಹಾಕೀನಿ ಕಣವ್ವ. ಇವ್ಳನ್ನ ಹಂಗೆ ಕಳ್ಕಳಲ್ಲ" ಎಂದು ಅಜ್ಜಿ ಅಡುಗೆಮನೆಯ ಬಾಗಿಲಲ್ಲೇ ಕೂತಿರುತ್ತಿದ್ದಳು. ಅವ್ವ ಅತ್ತೆಯ ಮಾತಿಗೆ ಎದುರಾಡಿದವಳಲ್ಲ.

ನರ್ಸಮ್ಮ ಗಾಯ ತೊಳೆಯಲು ದಿನವೂ ಬರುತ್ತಿದ್ದರು. ನೀರು ಕುದಿಸಿ ಆರಿಸಿ, ಉಪ್ಪು ಹಾಕಿ, ಅಕ್ಕನನ್ನು ಅಗಲವಾದ ಬೋಗುಣಿಯಲ್ಲಿ ಕೂರಿಸುವರು. ಬಟ್ಟೆಗಳನ್ನು ಕುದಿಸಿ ಅಂಗಳದ ಬಿಸಿಲಲ್ಲಿ ಒಣಹಾಕಿಸುವರು. ಒಂದು ದಿನ ಗಾಯ ನೋಡಿ ಹೊರಗೆ ಬಂದವರು ನನ್ನನ್ನು ಹಿತ್ತಲಿಗೆ ಕರೆದು, "ಒಂದೆರಡು ಹೊಲಿಗೆ ಬಿಟ್ಕಂಡವೆ. ಕಣ್ಣು ನೋಡಿದ್ಯಾ ಅವಳ್ದು, ಸುಣ್ಣ ಆಗೈತೆ. ಬೇಳೆ ಕೊಡ್ರವ್ವ ಅಂದ್ರೆ ನಿಮ್ಮಜ್ಜಿ ನನ್ನೇ ಆಚೆಗೆ ಹಾಕ್ತಾಳೆ" ಎಂದರು. ಸ್ವಲ್ಪ ಹೊತ್ತು ಕೊಡೆಯ ತುದಿಯಿಂದ ನೆಲ ಕೆರೆಯುತ್ತ ನಿಂತಿದ್ದರು.

ಮಾರನೆಯ ದಿನ ಬರುವಾಗ ಕಾಗದದ ಒಂದು ಪೊಟ್ಟಣ ತಂದರು. ಕಂದು ಬಣ್ಣದ ಪುಡಿ. "ಅಜ್ಜಮ್ಮ, ಇದು ಸರ್ಕಾರದಿಂದ ಬಂದಿರೋ ಔಷಧಿ. ಗಾಯ ಮಾಯಕ್ಕೆ. ಬಿಸಿನೀರಲ್ಲಿ ಕಲಸಿ, ಹೊತ್ತಿಗೆ ಎರಡು ಚಮಚ, ದಿನಕ್ಕೆ ಮೂರು ಸಲ" ಎಂದರು. ಔಷಧಿ ಎಂದ ಮೇಲೆ ಅದಕ್ಕೊಂದು ಅಳತೆ ಬೇಕಲ್ಲ. ಅಜ್ಜಿ ಪುಡಿಯನ್ನು ಮೂಸಿದಳು. ಏನೋ ಅನುಮಾನ ಬಂದಂತಿತ್ತು. ಆದರೆ ಸರ್ಕಾರದ ಔಷಧಿ ಎಂಬ ಮಾತಿಗೆ ಅವಳಲ್ಲಿ ಒಂದು ಭಯವಿತ್ತು. "ಕೊಡು" ಎಂದು ನನ್ನ ಕೈಗೆ ಕೊಟ್ಟಳು. ತಿನ್ನಿಸುವ ಕೆಲಸ ನನ್ನ ಪಾಲಿಗೆ ಬಂತು.

ಆರೇಳು ದಿನಗಳಲ್ಲಿ ಅಕ್ಕ ತಾನಾಗಿ ಎದ್ದು ಕೂರುವಂತಾದಳು. ಮಗುವಿಗೆ ಹಾಲು ಮೊದಲಿಗಿಂತ ಹೆಚ್ಚಾಯಿತು. ಗಾಯ ಕೆಂಪಗೆ, ಚೊಕ್ಕಟವಾಗಿ ಒಳಗಿನಿಂದ ತುಂಬಿಕೊಳ್ಳುತ್ತಿದೆ ಎಂದು ನರ್ಸಮ್ಮ ಕೈ ಒರೆಸಿಕೊಳ್ಳುತ್ತ ಹೇಳಿದಾಗ ಅವರ ಮುಖದಲ್ಲಿ ನಗು ಕಂಡೆ.

ಪುಡಿ ಮುಗಿದಾಗ ಇನ್ನೊಂದು ಪೊಟ್ಟಣ ತರಲು ನಾನು ಉಪಕೇಂದ್ರಕ್ಕೆ ಹೋದೆ. ಅವರ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ನರ್ಸಮ್ಮ ಕಾಲು ಚಾಚಿ ಕೂತು ಒರಳಿನಲ್ಲಿ ಕುಟ್ಟುತ್ತಿದ್ದರು. ಪಕ್ಕದಲ್ಲಿ ರಾಗಿ ಹುರಿಹಿಟ್ಟು, ಹುರಿಗಡಲೆ, ಸಿಪ್ಪೆ ತೆಗೆದ ಹುರಿದ ಕಡಲೆಕಾಯಿ, ಕೊಬ್ಬರಿ ಚೂರು, ಬೆಲ್ಲ. ನಾನು ನಿಂತದ್ದು ನೋಡಿ ಕುಟ್ಟುವುದನ್ನು ನಿಲ್ಲಿಸಿದರು. "ಸಿಕ್ಕಾಕ್ಕಂಡೆ" ಎಂದು ನಕ್ಕರು. ಆಮೇಲೆ ನಗು ಬಿಟ್ಟು, "ಯಾರಿಗೂ ಹೇಳ್ಬೇಡ ಕಣಮ್ಮ. ನಿಮ್ಮಕ್ಕ ಎದ್ದು ಓಡಾಡಲಿ, ಆಮೇಲೆ ನಾನೇ ನಿಮ್ಮಜ್ಜಿ ಕಾಲು ಹಿಡಿದು ಹೇಳ್ತೀನಿ" ಎಂದರು. ಹೇಳುವುದಿಲ್ಲ ಎಂದು ನಾನು ಮಾತು ಕೊಟ್ಟೆ.

ಆ ಮಾತನ್ನು ನಾನು ಎರಡು ದಿನವೂ ಉಳಿಸಿಕೊಳ್ಳಲಿಲ್ಲ. ಯಾಕೆ ಎಂದು ಎಷ್ಟೋ ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ಮಾರನೆಯ ಮಧ್ಯಾಹ್ನ ಅಜ್ಜಿ ಎಲೆಅಡಿಕೆ ಹಾಕಿಕೊಂಡು ಅವ್ವನ ಹತ್ತಿರ ಹೇಳುತ್ತಿದ್ದಳು: "ನೋಡ್ದಾ, ಪಥ್ಯ ಸರ್ಯಾಗಿ ಮಾಡಿದ್ಕೆ ಗಾಯ ಮಾಯ್ತಾ ಐತೆ. ಕಾಳು ಗೀಳು ಕೊಟ್ಟಿದ್ರೆ ಇಷ್ಟೊತ್ಗೆ ಕೀವಾಗಿರೋದು." ನಾನು ಆ ಮನೆಯಲ್ಲಿ ಪಿಯುಸಿ ಓದಿದ ಮೊದಲ ಹೆಣ್ಣು. ಅಜ್ಜಿ ತಪ್ಪು, ನಾನು ಸರಿ ಎಂದು ತೋರಿಸಬೇಕೆಂಬ ಆಸೆ ತಡೆಯಲಾಗಲಿಲ್ಲ. "ಪಥ್ಯದಿಂದ ಅಲ್ಲ ಅಜ್ಜಿ! ಅವ್ಳು ತಿಂತಿರೋದು ಕಡ್ಲೆಕಾಯಿ, ಹುರಿಗಡ್ಲೆ. ನರ್ಸಮ್ಮ ಮನೇಲಿ ಕುಟ್ಟೋದು ನಾನೇ ನೋಡ್ದೆ" ಎಂದು ನಗುತ್ತ ಹೇಳಿದೆ. ಗೆದ್ದೆ ಎಂದುಕೊಂಡೆ.

ಅಜ್ಜಿಯ ಮುಖ ಬೆಳ್ಳಗಾಯಿತು. ಎದ್ದು ಹೋಗಿ ಪೊಟ್ಟಣ ತೆಗೆದುಕೊಂಡು ಬಂದು ತಿಪ್ಪೆಗೆ ಎಸೆದಳು. ಕೋಣೆಗೆ ಹೋಗಿ ಅಕ್ಕನ ಹಣೆ, ಹೊಟ್ಟೆ ಮುಟ್ಟಿ ಮುಟ್ಟಿ ನೋಡಿ ಅಳತೊಡಗಿದಳು. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ. ಮಾರನೆಯ ಬೆಳಿಗ್ಗೆ ನರ್ಸಮ್ಮ ಬಂದಾಗ ಬಾಗಿಲಿಗೆ ಅಡ್ಡ ನಿಂತು, "ನನಗೆ ಸುಳ್ಳೇಳಿ ನನ್ ಮೊಮ್ಮಗಳಿಗೆ ನಂಜು ತಿನ್ನಿಸ್ದೆ. ಇನ್ನು ಈ ಹೊಸ್ತಿಲು ತುಳೀಬ್ಯಾಡ" ಎಂದಳು.

"ಅಜ್ಜಮ್ಮ, ಪುಡಿ ಬುಡು, ಕೊಡಬ್ಯಾಡ. ಗಾಯ ತೊಳೆಯಕ್ಕಾದ್ರೂ ಬುಡು" ಎಂದು ನರ್ಸಮ್ಮ ಕೈ ಮುಗಿದರು. ದಡ್ಡಿ ಎನ್ನಲಿಲ್ಲ, ಕೂಗಲಿಲ್ಲ. ಅಜ್ಜಿ ಅಲ್ಲಾಡಲಿಲ್ಲ. ನರ್ಸಮ್ಮ ಅವಳ ಹೆಗಲಿನಾಚೆಗೆ ನನ್ನನ್ನು ಒಂದು ಸಲ ನೋಡಿದರು, ಅಷ್ಟೆ.

ಆಮೇಲೂ ಅವರು ನಾಲ್ಕು ದಿನ ಬಂದರು. ನಾಲ್ಕು ದಿನವೂ ಎದುರು ಮನೆಯ ಜಗಲಿಯಲ್ಲಿ ಕೂತು ಎದ್ದು ಹೋದರು. ಒಳಗೆ ಅಜ್ಜಿಯ ಪಥ್ಯ ಮೊದಲಿಗಿಂತ ಬಿಗಿಯಾಯಿತು. ತಿಂದ ನಂಜು ಇಳಿಯಲೆಂದು ಅನ್ನವನ್ನೂ ಕಡಿಮೆ ಮಾಡಿದಳು. ಗಾಯವನ್ನು ನರ್ಸಮ್ಮ ತೊಳೆಯುತ್ತಿದ್ದ ಹಾಗೆ ತೊಳೆಯುವವರು ಯಾರೂ ಇರಲಿಲ್ಲ. ಐದನೆಯ ದಿನ ಅಕ್ಕನಿಗೆ ಚಳಿಜ್ವರ ಬಂತು. "ನೋಡ್ದಾ, ನಂಜು ಏರ್ತು" ಎಂದು ಅಜ್ಜಿ ಗೋಡೆಗೆ ತಲೆ ಚಚ್ಚಿಕೊಂಡಳು. ಅಪ್ಪ ತಿಪಟೂರಿಗೆ ಹೋಗಿ ಕಾರು ಮಾಡಿಸಿಕೊಂಡು ಬರುವಷ್ಟರಲ್ಲಿ ಸಂಜೆಯಾಗಿತ್ತು. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಕಣ್ಣುರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲ, ಗಾಯದ ವಿಷ ರಕ್ತಕ್ಕೆ ಸೇರಿದೆ ಎಂದರು. ಅವರು ಮಾಡುವುದೆಲ್ಲ ಮಾಡಿದರು. ಮೂರನೆಯ ದಿನ ಬೆಳಿಗ್ಗೆ, ಅವ್ವ ಅವಳ ತಲೆ ಬಾಚುತ್ತಿದ್ದಾಗ ಅಕ್ಕ ಹೋದಳು. ಮಗುವಿಗೆ ಇಪ್ಪತ್ತಾರು ದಿನ.

ಅಕ್ಕನನ್ನು ತೋಟದ ಮೂಲೆಯಲ್ಲಿ ಸಮಾಧಿ ಮಾಡಿದ ಮರುದಿನ ನರ್ಸಮ್ಮ ಬಂದರು. ಅಜ್ಜಿ ಬಾಗಿಲಲ್ಲಿ ಕೂತಿದ್ದಳು, ಅಡ್ಡ ಬರಲಿಲ್ಲ. ನರ್ಸಮ್ಮ ನೇರ ಬಚ್ಚಲಿಗೆ ಹೋಗಿ ಕೈ ತೊಳೆದು ಬಂದು, ಅಳುತ್ತಿದ್ದ ಮಗುವನ್ನು ಎತ್ತಿಕೊಂಡರು. ಹಸುವಿನ ಹಾಲು ಎಷ್ಟು, ನೀರು ಎಷ್ಟು, ಹೇಗೆ ಕಾಯಿಸಬೇಕು ಎಂದು ಅವ್ವನಿಗೆ ತೋರಿಸಿ, ಒಳಲೆಯಲ್ಲಿ ಹನಿಹನಿಯಾಗಿ ತಾವೇ ಕುಡಿಸಿದರು. ಮಗು ತೊಡೆಯ ಮೇಲೆ ನಿದ್ದೆ ಹೋಯಿತು. ಆಗ ಅಜ್ಜಿ, "ಬೈಯವ್ವ ನನ್ನ. ಯಾಕೆ ಸುಮ್ಕಿದ್ದೀಯ? ಊರಿಗೆಲ್ಲ ಬೈತೀಯಲ್ಲ, ನನಗೂ ಬೈ" ಎಂದಳು. ನರ್ಸಮ್ಮ ತಲೆ ಎತ್ತಲಿಲ್ಲ. "ಮೆಲ್ಲಗೆ ಮಾತಾಡಜ್ಜಿ. ಮಗು ಎದ್ದೇಳ್ತದೆ" ಎಂದರು.

ಅಂದಿನಿಂದ ಮೂರು ತಿಂಗಳು ದಿನ ತಪ್ಪದೆ ಬಂದರು. ಮಗುವಿಗೆ ಉಮಾ ಎಂದು ಹೆಸರಿಟ್ಟೆವು. ಭಾವ ಬೇರೆ ಮದುವೆಯಾದರು. ಉಮಾ ನಮ್ಮಲ್ಲೇ ಉಳಿದಳು.

ಅಕ್ಕ ಹೋದ ಮೇಲೆ ನರ್ಸಮ್ಮ ಬದಲಾದರು. ಜಗಳಗಂಟಿತನ ಹೋಗಲಿಲ್ಲ, ಆದರೆ ಪೊಟ್ಟಣ ಕಟ್ಟುವುದನ್ನು ಬಿಟ್ಟರು. ಪುಡಿಯನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ, ಬಾಣಂತಿಯ ಅತ್ತೆಯ ಮುಂದೆ ಅದನ್ನು ತೆರೆದಿಟ್ಟು, "ಇದು ಔಷಧಿ ಅಲ್ಲ. ಕಡ್ಲೆಕಾಯಿ ಐತೆ, ಹುರಿಗಡ್ಲೆ ಐತೆ. ನಾನೂ ತಿಂತೀನಿ, ನೀನೂ ತಿನ್ನು, ಆಮೇಲೆ ಅವಳಿಗೆ ಕೊಡಾಣ" ಎನ್ನುತ್ತಿದ್ದರು. ಎಷ್ಟೋ ಮನೆಗಳಲ್ಲಿ ಡಬ್ಬಿ ಹಾಗೇ ವಾಪಸು ಬರುತ್ತಿತ್ತು. ಸಂಪಿಗೆ ಊರಿನ ಕಡೆಯ ಒಂದು ಮನೆಯಲ್ಲಿ ಅತ್ತೆ ಒಪ್ಪುವುದಕ್ಕೆ ಹನ್ನೊಂದು ದಿನ ಹಿಡಿಯಿತಂತೆ. ಹನ್ನೊಂದು ದಿನವೂ ಇವರು ಆ ಮುದುಕಿಯ ಮಂಡಿನೋವಿಗೆ ಎಣ್ಣೆ ತಿಕ್ಕಿದರಂತೆ. "ಔಷಧಿ ಅಂತ ಒಂದು ಮಾತು ಅಂದಿದ್ರೆ ಮೊದಲನೇ ದಿನವೇ ತಿನ್ನಿಸ್ತಿದ್ರಲ್ಲ ನರ್ಸಮ್ಮ" ಎಂದು ಯಾರೋ ಅಂದದ್ದಕ್ಕೆ, "ಆ ಮಾತು ನನ್ ಬಾಯಲ್ಲಿ ಇನ್ ಬರಲ್ಲ" ಎಂದರಂತೆ.

ನಾನು ಟೀಚರ್ ಆದೆ, ಮದುವೆಯಾದೆ. ನನ್ನ ಹೆರಿಗೆಗೂ ತವರಿಗೇ ಬಂದೆ. ನನಗೂ ಹೊಲಿಗೆ ಬಿದ್ದವು. ಅದೇ ಮನೆ. ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯನ್ನು ಅವ್ವ ಬೀಗ ಹಾಕಿ ಬಿಟ್ಟಿದ್ದರಿಂದ ನನ್ನನ್ನು ನಡುಮನೆಯಲ್ಲೇ ಮಲಗಿಸಿದರು. ಅಜ್ಜಿಗೆ ಆಗ ಕಣ್ಣು ಮಂಜಾಗಿತ್ತು. ನಾನು ಆಸ್ಪತ್ರೆಯಿಂದ ಬಂದ ದಿನವೇ, "ಆ ನರ್ಸಮ್ಮನ್ನ ಕರೀರಿ" ಎಂದಳು. ಅವರು ಬಂದು ಪಕ್ಕದಲ್ಲಿ ಕೂತ ಮೇಲೆ ಅಜ್ಜಿ ಗೋಡೆ ಹಿಡಿದುಕೊಂಡು ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಒಂದು ಬಟ್ಟಲು ತೊಗರಿಬೇಳೆಯ ತೊವ್ವೆ. "ತಿನ್ನು" ಎಂದಳು. ನಾನು ತಿಂದೆ. ತಿಂದು ಮುಗಿಸಿದ ಮೇಲೂ ಅಜ್ಜಿ ಎದ್ದು ಹೋಗಲಿಲ್ಲ. ಮಧ್ಯಾಹ್ನವಿಡೀ ನನ್ನ ಪಾದ ಹಿಡಿದುಕೊಂಡು ಕೂತಿದ್ದಳು. ಪಾದ ಬಿಸಿಯಾಗುತ್ತದೇನೋ ಎಂದು ಕಾಯುತ್ತಿದ್ದಳು. ಅಜ್ಜಿಯ ಪಕ್ಕದಲ್ಲಿ ನರ್ಸಮ್ಮನೂ ಕದಲದೆ ಕೂತಿದ್ದರು. ಉಳಿದ ನಾಲ್ಕು ಹಳ್ಳಿಗಳಿಗೆ ಅಂದು ಹೋಗಲೇ ಇಲ್ಲ. ಹೊತ್ತು ಇಳಿದ ಮೇಲೆ ಅಜ್ಜಿ ಕೈ ಬಿಟ್ಟು, "ತಣ್ಣಗೇ ಐತೆ" ಎಂದಳು. ಆಮೇಲೆ, ಯಾರಿಗೂ ಅಲ್ಲವೆಂಬಂತೆ, "ಹಂಗಾರೆ ನನ್ ಮಗಳೂ ಕಾಳಿನಿಂದ ಹೋಗಿಲ್ಲ" ಎಂದಳು. ನರ್ಸಮ್ಮ ಅಜ್ಜಿಯ ಬೆನ್ನ ಮೇಲೆ ಕೈ ಇಟ್ಟರು. ಅಜ್ಜಿ ಆ ವರ್ಷದ ಕೊನೆಗೆ ತೀರಿಕೊಂಡಳು.

ನನ್ನ ಗಾಯ ಮಾಯ್ದಿತ್ತು. ಕೊನೆಯ ಸಲ ನೋಡಿ ನರ್ಸಮ್ಮ "ಚೆನ್ನಾಗಿ ಕೂಡ್ಕಂಡೈತೆ" ಎಂದು ಹೇಳಿದಾಗ ನನಗೆ ಸಂತೋಷವಾಗಬೇಕಿತ್ತು. ನಾನು ಅತ್ತುಬಿಟ್ಟೆ. ಎಷ್ಟೋ ವರ್ಷದಿಂದ ಒಳಗಿಟ್ಟುಕೊಂಡಿದ್ದ ಮಾತು ಆಗ ಹೊರಗೆ ಬಂತು. "ನಾನು ಬಾಯಿ ಬಿಡದೆ ಇದ್ದಿದ್ರೆ ಅಕ್ಕ ಬದುಕ್ತಿದ್ಲಾ ನರ್ಸಮ್ಮ?"

ಅವರು ತಕ್ಷಣ ಇಲ್ಲ ಎನ್ನುತ್ತಾರೆ, ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಸೋಪಿನ ಡಬ್ಬಿಯ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತ ಯೋಚಿಸಿದರು. "ಗೊತ್ತಿಲ್ಲ ಕಣಮ್ಮ" ಎಂದರು. "ಬದುಕ್ತಿದ್ಲೋ ಏನೋ. ಗಾಯ ತುಂಬ್ತಾ ಇತ್ತು, ಅದು ನಿಜ. ಆದ್ರೆ ನೀನು ಹೇಳಿದ್ದು ನಿಜವನ್ನೇ ಅಲ್ವಾ? ಸುಳ್ಳು ಹೇಳಿದ್ದು ನಾನು. ನಿಮ್ಮಜ್ಜೀಗೆ ಸುಳ್ಳು ಸಾಕು ಅಂದ್ಕಂಡೆ. ಅವ್ಳ ಮಗಳ ಕತೆ ಕೇಳಿ, ಅವ್ಳ ಜೊತೆ ಕೂತು, ಒಪ್ಪಿಸೋ ತಾಳ್ಮೆ ನನಗಿರ್ಲಿಲ್ಲ. ಸುಳ್ಳು ಬೇಗ ಕೆಲಸ ಮಾಡ್ತು, ಬೇಗ ಮುರ್ಕಂಡೂ ಬಿತ್ತು. ಬಿದ್ದಾಗ ಗಾಯ ತೊಳೆಯೋ ನೀರೂ ನಿಂತೋಯ್ತು." ಇದನ್ನು ಅವರು ಮೊದಲ ಸಲ ಹೇಳುತ್ತಿರಲಿಲ್ಲ ಎನಿಸಿತು. ತಮಗೆ ತಾವೇ ಬಹಳ ಸಲ ಹೇಳಿಕೊಂಡಿದ್ದ ಮಾತಿನಂತೆ ಅದು ನೇರವಾಗಿ ಬಂತು.

ಎರಡು ವರ್ಷದ ಕೆಳಗೆ ಅವರು ನಿವೃತ್ತರಾದರು. ಉಪಕೇಂದ್ರದಲ್ಲಿ ಟೀ, ಖಾರ, ಒಂದು ಹಾರ. ಭಾಷಣ ಮಾಡಲು ಬಂದಿದ್ದವರು ಅವರ ಹೆಸರನ್ನು ತಪ್ಪಾಗಿ ಹೇಳಿದರು. ಅವರು ಸರಿಪಡಿಸಲಿಲ್ಲ. ಚಿಕ್ಕನಾಯಕನಹಳ್ಳಿಯಲ್ಲಿ ಅಣ್ಣನ ಮಗನ ಮನೆಯ ಹಿಂಭಾಗದ ಕೋಣೆಗೆ ಹೋಗಿ ನೆಲೆಸಿದರು.

ಈ ವರ್ಷ ದಸರಾ ರಜೆಯಲ್ಲಿ ನಾನು ಉಮಾಳನ್ನು ಕರೆದುಕೊಂಡು ಅವರನ್ನು ನೋಡಲು ಹೋದೆ. ಉಮಾಳಿಗೆ ಹದಿಮೂರು ತುಂಬಿತ್ತು. ನರ್ಸಮ್ಮನ ಮೈ ಅರ್ಧಕ್ಕೆ ಇಳಿದಿತ್ತು. ಉಮಾಳನ್ನು ಹತ್ತಿರ ಕೂರಿಸಿಕೊಂಡು ಅವಳ ಜಡೆ ಮುಟ್ಟಿದರು. "ನಿಮ್ಮವ್ವಂದೂ ಹಿಂಗೇ ದಪ್ಪ ಜಡೆ" ಎಂದರು.

ಮನೆಯಲ್ಲಿ ಅಕ್ಕನ ಮಾತು ನಾವು ಆಡುತ್ತಿರಲಿಲ್ಲ. ಆ ಹುಡುಗಿಗೆ ಕೇಳಲು ಯಾರೂ ಸಿಕ್ಕಿರಲಿಲ್ಲವೋ ಏನೋ, ಕೇಳಿಯೇಬಿಟ್ಟಳು. "ಅವ್ವ ಯಾಕೆ ಸತ್ಲು? ಜ್ವರ ಅಂತಾರೆ. ಬರೀ ಜ್ವರಕ್ಕೆ ಸಾಯ್ತಾರಾ?"

ನರ್ಸಮ್ಮ ನನ್ನ ಕಡೆ ನೋಡದೆ, "ನಂದು ಒಂದು ತಪ್ಪಾಯ್ತು ಕಣವ್ವ..." ಎಂದು ಶುರು ಮಾಡಿದರು. ನನ್ನನ್ನು ಉಳಿಸಲು ಹೊರಟಿದ್ದಾರೆ ಎಂದು ತಿಳಿಯಿತು. "ಬೇಡ ನರ್ಸಮ್ಮ, ನಾನು ಹೇಳ್ತೀನಿ" ಎಂದೆ. ಎಲ್ಲವನ್ನೂ ಹೇಳಿದೆ. ಪುಡಿ, ನಾನು ಕೊಟ್ಟ ಮಾತು, ನಾನು ಗೆಲ್ಲಲು ಹೋದದ್ದು, ತಿಪ್ಪೆ, ಜಗಲಿಯಲ್ಲಿ ನರ್ಸಮ್ಮ ಕೂತಿದ್ದ ನಾಲ್ಕು ದಿನ. ಉಮಾ ನನ್ನ ಮುಖವನ್ನೇ ನೋಡುತ್ತಿದ್ದಳು. ಬೈಯುತ್ತಾಳೆ, ಎದ್ದು ಹೋಗುತ್ತಾಳೆ ಎಂದುಕೊಂಡೆ.

"ಅವ್ವಂಗೆ ಆ ಪುಡಿ ಇಷ್ಟ ಆಗಿತ್ತಾ ಚಿಕ್ಕವ್ವ?" ಎಂದು ಕೇಳಿದಳು.

ನಾನು ಇದನ್ನು ಯಾರಿಗೂ ಹೇಳಿರಲಿಲ್ಲ. "ಹೂಂ. ದಿನಾ ಬಟ್ಟಲು ಕೆರೆದು ನೆಕ್ಕೋಳು. ಇನ್ನೊಂದೇ ಒಂದು ಚಮಚ ಕೊಡೇ, ಹೊಟ್ಟೆ ಹಸೀತದೆ ಅನ್ನೋಳು."

"ಕೊಟ್ಯಾ?"

"ಇಲ್ಲ. ಎರಡೇ ಚಮಚ ಅಂದಿದ್ರಲ್ಲ. ಅದೇನಂತ ಆಗ ನನಗೂ ಗೊತ್ತಿರ್ಲಿಲ್ಲ, ಔಷಧಿ ಜಾಸ್ತಿಯಾದ್ರೆ ಏನಾಗ್ತದೋ ಅಂತ ಹೆದರ್ಕಂಡೆ."

ಹೇಳಿದ ಮೇಲೆ ನರ್ಸಮ್ಮನ ಕಡೆ ನೋಡಿದೆ. ಹದಿಮೂರು ವರ್ಷ ತಮ್ಮ ಸುಳ್ಳಿನ ಎಲ್ಲ ಮಗ್ಗುಲನ್ನೂ ತಿರುವಿ ನೋಡಿದ್ದ ಆ ಹೆಂಗಸಿಗೆ ತಾವು ಹೇಳಿದ ಅಳತೆಯ ಈ ಒಂದು ಮಗ್ಗುಲು ಗೊತ್ತಿರಲಿಲ್ಲ. "ಕೇಳಿದ್ಲಾ?" ಎಂದರು, ಬಹಳ ಮೆಲ್ಲಗೆ. "ಇನ್ನೂ ಬೇಕು ಅಂತ ಕೇಳಿದ್ಲಾ?" ಆಮೇಲೆ ಎರಡೂ ಕೈಯಲ್ಲಿ ಸೆರಗು ಮುದುರಿ ಮುಖಕ್ಕೆ ಒತ್ತಿಕೊಂಡು ಅಳತೊಡಗಿದರು. ಅವರು ಅತ್ತದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಆ ಮಾತನ್ನು ನಾನು ನುಂಗಿಕೊಂಡಿದ್ದರೆ ಆಗುತ್ತಿತ್ತು. ಇಳಿವಯಸ್ಸಿನಲ್ಲಿ ಅವರಿಗೆ ನಾನು ಕೊಟ್ಟದ್ದು ಅದು.

ಉಮಾ ಎದ್ದಳು. ಹೊರಗೆ ಹೋಗಲಿಲ್ಲ, ನನ್ನ ಹತ್ತಿರಕ್ಕೂ ಬರಲಿಲ್ಲ. ಮಂಚದ ಮೇಲೆ ನರ್ಸಮ್ಮನಿಗೆ ಒತ್ತಿಕೊಂಡು ಕೂತು, ಅವರ ಬೆನ್ನ ಮೇಲೆ ಕೈ ಆಡಿಸುತ್ತ, ಅವರ ಅಳು ನಿಲ್ಲುವವರೆಗೂ ಹಾಗೇ ಇದ್ದಳು. ನಾನು ಬಾಗಿಲ ಹತ್ತಿರ, ಕೂತಲ್ಲೇ ಕೂತಿದ್ದೆ.